ಮುಳಬಾಗಿಲಿನ ಬಂಡೆಗಳ ನಡುವೆ ಹೈದರ್ ಅಲಿ

ಊರಿಗಾಂ ಅಂದರೆ ನಮಗೆ ತಟ್ಟನೆ ನೆನಪಾಗುವುದು ಚಿನ್ನದ ಗಣಿ. ಆದರೆ ಬ್ರಿಟಿಷರು ಅಲ್ಲಿ ಗಣಿ ತೋಡುವುದಕ್ಕೆ ನೂರು ವರ್ಷ ಮೊದಲೇ ಆ ಸೀಮೆಯ ಮಗನೊಬ್ಬ ಕಂಪೆನಿಯವರ ನಿದ್ದೆಗೆಡಿಸಿದ್ದರು. ಬಂಗಾರಪೇಟೆಗೆ ಸಮೀಪದ ಬೂದಿಕೋಟೆಯಲ್ಲಿ 1720ರ ಸುಮಾರಿಗೆ ಹುಟ್ಟಿದ ಹೈದರ್ ಅಲಿ.

ತಂದೆ ಫತೇ ಮುಹಮ್ಮದ್ ಸಿರಾದ ನವಾಬರ ಕೈಕೆಳಗೆ ಫೌಜುದಾರರಾಗಿದ್ದರು. ಹೈದರ್ ಇನ್ನೂ ಚಿಕ್ಕವರಿರುವಾಗಲೇ ಅವರು ಯುದ್ಧದಲ್ಲಿ ತೀರಿಕೊಂಡರು. ಹುಡುಗನಿಗೆ ಓದು ಬರಹ ಒಲಿಯಲಿಲ್ಲ. 1749ರ ದೇವನಹಳ್ಳಿ ಮುತ್ತಿಗೆಯಲ್ಲಿ ಹೆಸರು ಮಾಡಿ, 1761ರ ಹೊತ್ತಿಗೆ ಮೈಸೂರಿನ ಆಡಳಿತವನ್ನೇ ಕೈಗೆ ತೆಗೆದುಕೊಂಡರು. ಎರಡು ವರ್ಷದಲ್ಲಿ ಬಿದನೂರಿನ ಜೊತೆ ನಮ್ಮ ಮಂಗಳೂರು ಬಂದರೂ ಅವರದಾಯಿತು.

1768ರಲ್ಲಿ ಅದೇ ಮಂಗಳೂರಿಗೆ ಬೊಂಬಾಯಿಯಿಂದ ಕಂಪೆನಿಯ ಪಡೆ ಬಂದಿಳಿಯಿತು. ಹೈದರ್ ಘಟ್ಟ ಇಳಿದು ಬಂದು ಓಡಿಸಿದರು ನಿಜ, ಆದರೆ ಅಷ್ಟರಲ್ಲಿ ಮೇಲೆ ಕೋಲಾರ, ಮುಳಬಾಗಿಲು ಎರಡೂ ಮದರಾಸಿನ ಇಂಗ್ಲಿಷರ ಪಾಲಾಗಿದ್ದವು. ಹುಟ್ಟಿದ ಸೀಮೆಯೇ ಕೈತಪ್ಪಿದರೆ ಯಾರು ಸುಮ್ಮನಿರುತ್ತಾರೆ? ಮರಳಿ ಬಂದವರು ಒಳಗಿನವರನ್ನು ಒಲಿಸಿಕೊಂಡು ಮುಳಬಾಗಿಲು ಕೋಟೆಯನ್ನು ವಾಪಸ್ ಪಡೆದರು.

ಅಲ್ಲಿನ ನೆಲ ನಮ್ಮ ಕರಾವಳಿಯ ಮುರಕಲ್ಲಿನ ಗುಡ್ಡೆಯ ಹಾಗಲ್ಲ. ಹೈದರ್ ವಲಿಯವರ ದರ್ಗಾಕ್ಕೆ ಹೋದವರಿಗೆ ಗೊತ್ತಿರಬಹುದು: ಆನೆಗಾತ್ರದ ಬಂಡೆಗಳು ಒಂದರ ಮೇಲೊಂದು ರಾಶಿ ಬಿದ್ದಿವೆ. ಒಂದರ ಹಿಂದೆ ಹತ್ತು ಜನ ಇದ್ದಾರೋ ಸಾವಿರ ಜನ ಇದ್ದಾರೋ, ಹತ್ತಿರ ಹೋಗದೆ ಹೇಳಲಾಗದು.

ಕೋಟೆಯನ್ನು ಮತ್ತೆ ಹಿಡಿಯಲು ಬಂದ ಕರ್ನಲ್ ವುಡ್ ಮೊದಲು ಮೋಸಹೋದ. ಅಕ್ಟೋಬರ್ 4ರಂದು ಸಣ್ಣದೊಂದು ಕುದುರೆ ಪಡೆ ಕಣ್ಣಿಗೆ ಬಿತ್ತು. ಅಷ್ಟೇ ಇರಬೇಕೆಂದು ಸ್ವಲ್ಪ ಜನರನ್ನು ಕಟ್ಟಿಕೊಂಡು ಮುಂದೆ ನುಗ್ಗಿದ. ಬಂಡೆಗಳ ಮರೆಯಲ್ಲಿ ಹೈದರರ ದೊಡ್ಡ ಸೈನ್ಯವೇ ಕಾದಿತ್ತು. ಇಂಗ್ಲಿಷ್ ಪಡೆ ಬಂಡೆಯಿಂದ ಬಂಡೆಗೆ ಹಿಂದೆ ಸರಿಯಿತು. ಇನ್ನೇನು ಕತೆ ಮುಗಿಯಿತು ಅನ್ನುವಾಗ ಆಟ ತಿರುಗಿದ್ದು ಅದೇ ಬಂಡೆಗಳಿಂದ. ಸಾಮಾನು ಕಾಯಲು ಹಿಂದೆ ಉಳಿದಿದ್ದ ಕ್ಯಾಪ್ಟನ್ ಬ್ರೂಕ್, ಕಾಯಿಲೆಯವರನ್ನೂ ಗಾಯಾಳುಗಳನ್ನೂ ಸೇರಿಸಿಕೊಂಡು, ಎರಡು ಫಿರಂಗಿಗಳನ್ನು ಮರೆಯ ದಾರಿಯಲ್ಲಿ ಒಂದು ಬಂಡೆಯ ನೆತ್ತಿಗೆ ಎಳೆಸಿದ. ಗುಂಡು ಹಾರಿಸುತ್ತಾ, ದೂರದಲ್ಲಿದ್ದ ಕರ್ನಲ್ ಸ್ಮಿತ್‌ನ ದಂಡೇ ಬಂತು ಎನ್ನುವ ಹಾಗೆ ಅವನ ಹೆಸರು ಕೂಗಿಸಿದ. ಸ್ಮಿತ್ ಎಲ್ಲಿದ್ದಾನೆಂದು ಆ ಕ್ಷಣದಲ್ಲಿ ಖಚಿತವಾಗಿ ತಿಳಿಯದೆ ಮೈಸೂರಿನವರು ತಡೆದು ನಿಂತರು. ಆ ಬಿಡುವಿನಲ್ಲಿ ವುಡ್ ಸಾವರಿಸಿಕೊಂಡು ಒಳ್ಳೆಯ ಜಾಗ ಹಿಡಿದ. ಮೋಸ ತಿಳಿದು ಹೈದರ್ ಮತ್ತೆ ಏರಿ ಹೋದರೂ ಮೊದಲಿನ ಅವಕಾಶ ಸಿಗಲಿಲ್ಲ. ಕೋಟೆಯೇನೋ ಅವರ ಕೈಯಲ್ಲೇ ಉಳಿಯಿತು, ವುಡ್‌ನ ಪಡೆ ಮಾತ್ರ ತಪ್ಪಿಸಿಕೊಂಡಿತು.

ನೆಲ ತನ್ನದಾದರೂ ಶತ್ರು ಎಲ್ಲಿದ್ದಾನೆಂಬ ಸುದ್ದಿ ಇಲ್ಲದಿದ್ದರೆ ಎಂಥವರೂ ಎಡವುತ್ತಾರೆ ಎಂಬುದು ಅಂದು ಹೈದರರಿಗೇ ಆದ ಅನುಭವ. ಆರು ತಿಂಗಳೊಳಗೆ ಅವರು ಅದನ್ನು ಇಂಗ್ಲಿಷರ ಮೇಲೆ ತಿರುಗಿಸಿದ್ದನ್ನು ನೋಡಿದರೆ ನಮಗೆ ಹಾಗನಿಸುತ್ತದೆ. ಕಂಪೆನಿಯ ಸೈನ್ಯವನ್ನು ಮದರಾಸಿನಿಂದ ಬಲು ದೂರ ಎಳೆದೊಯ್ದು, ತನ್ನ ದೊಡ್ಡ ದಂಡನ್ನು ಬೇರೆ ಕಡೆ ಕಳಿಸಿ, ಆರು ಸಾವಿರ ಸವಾರರೊಡನೆ ಸುಮಾರು 130 ಮೈಲಿಯನ್ನು ಮೂರೂವರೆ ದಿನದಲ್ಲಿ ಓಡಿದರು. 1769ರ ಮಾರ್ಚ್ ಕೊನೆಗೆ ಮದರಾಸಿನ ಬಾಗಿಲಲ್ಲಿ ಹೈದರ್! ಕೋಟೆಯೊಳಗಿನವರಿಗೆ ಏಪ್ರಿಲ್‌ನಲ್ಲಿ ಒಪ್ಪಂದಕ್ಕೆ ರುಜು ಹಾಕದೆ ಬೇರೆ ದಾರಿ ಇರಲಿಲ್ಲ.

1780ರ ಸೆಪ್ಟೆಂಬರ್‌ನಲ್ಲಿ ಪೊಳ್ಳಿಲೂರಿನಲ್ಲೂ ಹೀಗೆಯೇ. ಕರ್ನಲ್ ಬೈಲಿಯ ಪಡೆ ಯಾವ ದಾರಿಯಲ್ಲಿದೆ ಎಂದು ಹೈದರರ ಬೇಹಿನವರು ತಿಳಿಸುತ್ತಲೇ ಇದ್ದರು. ಕಂಚಿಯಲ್ಲಿದ್ದ ಮನ್ರೋ ನೆರವಿಗೆ ಹೊರಡುವಷ್ಟರಲ್ಲಿ ಹೈದರ್ ಮತ್ತು ಮಗ ಟಿಪ್ಪು ಸೇರಿ ಬೈಲಿಯನ್ನು ಮುಗಿಸಿಯಾಗಿತ್ತು.

ಬೆನ್ನಿನ ಹುಣ್ಣಿನಿಂದ ನರಳಿ 1782ರ ಡಿಸೆಂಬರ್ 7ರಂದು ಚಿತ್ತೂರಿನ ಹತ್ತಿರ ಹೈದರ್ ಕಣ್ಣು ಮುಚ್ಚಿದರು. ಮಲಬಾರಿನಲ್ಲಿದ್ದ ಟಿಪ್ಪು ಬಂದು ಸೇರುವ ತನಕ ಸಾವಿನ ಸುದ್ದಿಯನ್ನೇ ಮುಚ್ಚಿಟ್ಟರು. ಮಯ್ಯಿತ್ತನ್ನು ಗುಟ್ಟಾಗಿ ಒಯ್ದದ್ದು ಕೋಲಾರಕ್ಕೆ, ತಂದೆಯ ಗೋರಿಯ ಬಳಿಗೆ. ಶ್ರೀರಂಗಪಟ್ಟಣದ ಗುಂಬಜ್‌ಗೆ ಸಾಗಿಸಿದ್ದು ಆಮೇಲೆ.