ಮೂಲಚಿಹ್ನೆಗೆ ಮೇಲುಗೆರೆ ಎಳೆದ ಡೆಕಾರ್ಟ್

ವರ್ಗಮೂಲವನ್ನು ಬರೆಯುವಾಗ ಚಿಹ್ನೆಯ ತಲೆಗೆರೆಯನ್ನು ನಮ್ಮ ವಿದ್ಯಾರ್ಥಿಗಳು ಎಷ್ಟೋ ಸಲ ಅರ್ಧಕ್ಕೇ ಬಿಡುತ್ತಾರೆ. 9 + 16 ಎಂಬುದರ ಮೇಲೆ ಗೆರೆಯು ಕೊನೆಯವರೆಗೆ ಹರಿದರೆ ಉತ್ತರ 5. ಒಂಬತ್ತರ ಮೇಲೆಯೇ ನಿಂತರೆ 19. ಈ ಗೆರೆಯನ್ನು ಚಿಹ್ನೆಯೊಡನೆ ಬೆಸೆದವನು ಫ್ರಾನ್ಸಿನ ತತ್ತ್ವಜ್ಞಾನಿ ರೆನೆ ಡೆಕಾರ್ಟ್.

ಅವನು 1596ರ ಮಾರ್ಚ್ 31ರಂದು ಲಾ ಹೇ ಎಂಬ ಸಣ್ಣ ಊರಿನಲ್ಲಿ ಜನಿಸಿದನು. ಮರುವರ್ಷವೇ ತಾಯಿ ತೀರಿಕೊಂಡಳು. ದುರ್ಬಲ ದೇಹದ ಬಾಲಕನಿಗೆ ಲಾ ಫ್ಲೆಶ್‌ನ ವಿದ್ಯಾಲಯದಲ್ಲಿ ಬೆಳಿಗ್ಗೆ ತಡವಾಗಿ ಏಳುವ ಅನುಮತಿಯಿತ್ತು. (ನಮ್ಮ ಮೊದಲ ತಾಸಿಗೆ ತಡವಾಗಿ ಬರುವವರು ಇದನ್ನು ನೆಪವಾಗಿಸಬಾರದು!) ನ್ಯಾಯಶಾಸ್ತ್ರದ ಅಧ್ಯಯನ, ಸೈನ್ಯವಾಸ, ಪ್ರವಾಸಗಳ ತರುವಾಯ 1628ರಲ್ಲಿ ಹಾಲೆಂಡಿನಲ್ಲಿ ನೆಲೆಸಿದನು. 1633ರಲ್ಲಿ ಗೆಲಿಲಿಯೋಗೆ ಶಿಕ್ಷೆಯಾದ ಸುದ್ದಿ ಕೇಳಿ, ಜಗತ್ತಿನ ರಚನೆಯನ್ನು ಕುರಿತು ಬರೆದಿದ್ದ ಗ್ರಂಥವನ್ನು ಅಚ್ಚಿಗೆ ಕೊಡದೆ ಇಟ್ಟುಕೊಂಡನು. ಅದನ್ನು ಹೇಡಿತನವೆನ್ನಲು ನಮಗೆ ಮನಸ್ಸು ಬಾರದು.

1637ರಲ್ಲಿ ಲೈಡನ್ ನಗರದಲ್ಲಿ ಅವನ ರೇಖಾಗಣಿತವು, ಕರ್ತೃವಿನ ಹೆಸರಿಲ್ಲದೆಯೇ, ಹೊರಬಂದಿತು. ಪಂಡಿತರ ಭಾಷೆ ಆಗ ಲ್ಯಾಟಿನ್. ಅವನು ಬರೆದುದು ಫ್ರೆಂಚಿನಲ್ಲಿ. ಪರನಾಡಿನಲ್ಲಿದ್ದೂ ತಾಯ್ನುಡಿಯಲ್ಲೇ ಗಣಿತವನ್ನು ಹೇಳಬಹುದೆಂಬ ಈ ಧೈರ್ಯವು, ಈ ಮಹಾನಗರದಲ್ಲಿ ಕನ್ನಡದಲ್ಲಿ ಲೆಕ್ಕ ಕಲಿಸುವ ನಮಗೆ ಬಹು ಹಿಡಿಸುತ್ತದೆ.

ಮೂಲಚಿಹ್ನೆ ಅವನದಲ್ಲ. 1525ರಲ್ಲೇ ಕ್ರಿಸ್ಟೋಫ್ ರುಡಾಲ್ಫನು ಅದನ್ನು ಅಚ್ಚುಮಾಡಿಸಿದ್ದನು. ನಮ್ಮ ದೇಶದ ಬೀಜಗಣಿತಜ್ಞರಂತೂ ಕರಣಿ ಎಂಬ ಮಾತಿನ ಮೊದಲಕ್ಷರವಾದ 'ಕ'ವನ್ನು ಸಂಖ್ಯೆಯ ಮುಂದಿಡುತ್ತಿದ್ದರು. ಆದರೆ ಮೂಲವು ಎಲ್ಲಿಯವರೆಗೆ ವ್ಯಾಪಿಸುತ್ತದೆಂಬುದನ್ನು ಕಣ್ಣಿಗೆ ಕಾಣಿಸಿದುದು ಡೆಕಾರ್ಟನ ಗೆರೆ. ಘನಮೂಲಕ್ಕೆ ಮಾತ್ರ ಅವನು ಸಣ್ಣ 3ನ್ನು ಬರೆಯದೆ, ಚಿಹ್ನೆಯ ಬಳಿ 'ಸಿ' ಅಕ್ಷರವನ್ನು ಇಡುತ್ತಿದ್ದನು. ಇಂದು ಗಣಿತವನ್ನು ಅಚ್ಚಿಗೆ ಜೋಡಿಸುವ ಲೇಟೆಕ್ ಎಂಬ ಗಣಕವ್ಯವಸ್ಥೆಯಲ್ಲಿ, ಒಳಗಿನ ಪದಗಳು ಬೆಳೆದಂತೆ ಗೆರೆಯೂ ತಾನಾಗಿ ಬೆಳೆಯುತ್ತದೆ. ಅಷ್ಟಕ್ಕೂ ತೃಪ್ತರಾಗದ ಕೆಲವರು ಗೆರೆಯ ಬಲತುದಿಗೆ ಕೆಳಮುಖವಾದ ಚಿಕ್ಕ ಕೊಕ್ಕೆಯನ್ನು ಸೇರಿಸಿಕೊಳ್ಳುತ್ತಾರೆ. ಕಪ್ಪುಹಲಗೆಯ ಮೇಲೂ ಇದು ಒಳ್ಳೆಯ ಪದ್ಧತಿಯೆಂದು ನಮ್ಮ ಅಭಿಪ್ರಾಯ. ಗೆರೆ ಮುಗಿದ ಸ್ಥಳದ ಬಗ್ಗೆ ವಾದವೇ ಉಳಿಯದು.

1640ರಲ್ಲಿ ಐದು ವರ್ಷದ ಮಗಳು ಫ್ರಾನ್ಸೀನಳನ್ನು ಜ್ವರವು ಕೊಂಡೊಯ್ದಿತು. 1649ರಲ್ಲಿ ಸ್ವೀಡನ್ನಿನ ರಾಣಿ ಕ್ರಿಸ್ಟೀನಳ ಕರೆಗೆ ಓಗೊಟ್ಟು ಸ್ಟಾಕ್‌ಹೋಮಿಗೆ ಹೋದನು. ತಡವಾಗಿ ಏಳುತ್ತಿದ್ದವನು ಕೊರೆಯುವ ಚಳಿಯಲ್ಲಿ ಬೆಳಗಿನ ಐದು ಗಂಟೆಗೆ ಪಾಠ ಹೇಳಬೇಕಾಯಿತು. 1650ರ ಫೆಬ್ರವರಿ 11ರಂದು ಅಲ್ಲಿಯೇ ನಿಧನನಾದನು. ಅವನು ಹುಟ್ಟಿದ ಊರಿಗೆ ಇಂದು ಡೆಕಾರ್ಟ್ ಎಂದೇ ಹೆಸರು.