ನಗಿಸುತ್ತಲೇ ಬುದ್ಧಿ ಹೇಳಿದ ಕೈಲಾಸಂ



ನಮ್ಮ ಕಡೆ ನಾಟಕ ಅಂದರ ಬಾದಾಮಿ ಬನಶಂಕರಿ ಜಾತ್ರಿ. ನಮ್ಮ ಸೀಮೆಯ ಕಂದಗಲ್ಲ ಹನುಮಂತರಾಯರು ಬರೆದ ‘ರಕ್ತರಾತ್ರಿ’ಯ ಶಕುನಿ ಮಾತು ನಮ್ಮಜ್ಜನಿಗೆ ಬಾಯಿಪಾಠ. ಆದರೆ ಈ ಸಲ ಶಾಲೆಯ ಗ್ಯಾದರಿಂಗಿನಲ್ಲಿ ನಾವು ಆಡಿದ್ದು ರಾಜರ ನಾಟಕ ಅಲ್ಲ, ಮನಿಯೊಳಗಿನ ನಾಟಕ. ಅದು ಟಿ.ಪಿ. ಕೈಲಾಸಂ ಅವರ ‘ಟೊಳ್ಳುಗಟ್ಟಿ’. ಆದ್ದರಿಂದ ಅವರ ಜೀವನ ಚರಿತ್ರೆ ಬರೆಯುತ್ತಿದ್ದೇನೆ.

ಕೈಲಾಸಂ 1884ರ ಜುಲೈ 29ರಂದು ಜನಿಸಿದರು. ತಂದೆ ಪರಮಶಿವ ಅಯ್ಯರ್ ಮೈಸೂರು ಸಂಸ್ಥಾನದಲ್ಲಿ ನ್ಯಾಯಾಧೀಶರು. ಮನೆಮಾತು ತಮಿಳು. ಮದ್ರಾಸಿನಲ್ಲಿ ಓದಿ, ಮುಂದೆ ಲಂಡನ್ನಿಗೆ ಹೋಗಿ ಭೂಗರ್ಭಶಾಸ್ತ್ರ ಕಲಿತರು. ಅಲ್ಲಿ ನಾಟಕದ ಹುಚ್ಚು ಹತ್ತಿತು. ತಿರುಗಿ ಬಂದು ಸರಕಾರಿ ನೌಕರಿ ಸೇರಿದರೂ ಅದನ್ನು ಬಿಟ್ಟುಬಿಟ್ಟರು.

ಆಗಿನ ನಾಟಕಗಳಲ್ಲಿ ಪುರಾಣದ ರಾಜರು ಹಾಡಿಕೋತ, ದೊಡ್ಡ ದೊಡ್ಡ ಮಾತು ಆಡುತ್ತಿದ್ದರು. ಕೈಲಾಸಂ ಬೆಂಗಳೂರಿನ ಮನೆಗಳಲ್ಲಿ ಆಡುವ ಮಾತನ್ನೇ ಇಂಗ್ಲಿಷ್ ಬೆರೆಸಿ ರಂಗಕ್ಕೆ ತಂದರು. ಅವರು ಬಾಯಲ್ಲಿ ಹೇಳುತ್ತಾ ಹೋದರೆ ಗೆಳೆಯರು ಬರೆದುಕೊಳ್ಳುತ್ತಿದ್ದರಂತೆ. ‘ಹೋಂ ರೂಲು’, ‘ಪೋಲಿ ಕಿಟ್ಟಿ’, ‘ಬಂಡ್ವಾಳ್ವಿಲ್ಲದ ಬಡಾಯಿ’ ಅವರ ಬೇರೆ ನಾಟಕಗಳು. ಹೆಸರು ಕೇಳಿದರೇ ನಗು ಬರತೈತಿ.

‘ಟೊಳ್ಳುಗಟ್ಟಿ’ಯಲ್ಲಿ ಅಣ್ಣ ತಮ್ಮ ಇದ್ದಾರೆ. ಒಬ್ಬ ಪರೀಕ್ಷೆಯಲ್ಲಿ ಭಾಳ ಹುಷಾರ್, ಅಪ್ಪನಿಗೆ ಅವನೇ ಹೆಚ್ಚು. ಇನ್ನೊಬ್ಬ ಮಾಧು ನಪಾಸು, ಆದರೆ ಮನಿ ಕೆಲಸಕ್ಕೆಲ್ಲಾ ಅವನೇ ಬೇಕು. ಮನೆಗೆ ಬೆಂಕಿ ಬಿದ್ದಾಗ ಮನೆಯವರನ್ನು ಕಾಪಾಡುವವನು ಮಾಧುನೇ. ಯಾರು ಟೊಳ್ಳು, ಯಾರು ಗಟ್ಟಿ ಅಂತ ಆಗ ಗೊತ್ತಾಗತೈತಿ.

ಮಾಧುವಿನ ಪಾತ್ರ ನನ್ನದು. ನಾನು ಗಣಿತದಾಗ ನಪಾಸಾದಾಂವ. ಅದಕ್ಕೇ ಈ ಪಾತ್ರ ನಿನಗ ಸಿಕ್ಕೈತಿ ಅಂತ ಗೆಳೆಯರು ಚಾಷ್ಟಿ ಮಾಡಿದರು. ನಮ್ಮಪ್ಪ ಇಳಕಲ್ಲ ಸೀರಿ ನೇಯತಾರ. ಅವರು ಮುಂದಿನ ಸಾಲಿನಾಗ ಕೂತು ಮೊದಲು ಹೊಟ್ಟಿ ಹಿಡಕೊಂಡು ನಕ್ಕರು. ಬೆಂಕಿಯ ಪ್ರವೇಶ ಬಂದಾಗ ಸುಮ್ಮನಾದರು. ಅವತ್ತು ಮನಿಗೆ ಬರೂವಾಗ ನನ್ನ ಮಾರ್ಕ್ಸಿನ ಸುದ್ದಿ ತೆಗೀಲೇ ಇಲ್ಲ. ಬರೇ ಬೈದು ಹೇಳಿದ್ದರೆ ಯಾವ ಅಪ್ಪನೂ ಕೇಳುತ್ತಿರಲಿಲ್ಲ. ಕೈಲಾಸಂ ನಗಿಸಿದರು, ಅದಕ್ಕೇ ಮಾತು ಒಳಗ ಹೋತು.

ಹಂಗಂತ ಓದಬ್ಯಾಡ್ರಿ ಅಂತ ಅವರು ಹೇಳಿಲ್ಲ. ಸ್ವತಃ ಲಂಡನ್ನಿನ ತನಕ ಓದಿದವರು. ಓದಿನ ಜೋಡಿ ಮನುಷ್ಯತ್ವ ಬೇಕು ಅನ್ನೋದೇ ನಾಟಕದ ಸಾರ.

ತಮಿಳು ಮನೆಮಾತಿನ ಕೈಲಾಸಂ 1945ರಲ್ಲಿ ಮದ್ರಾಸಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. 1946ರಲ್ಲಿ ತೀರಿಕೊಂಡರು. ಅವರ ನಾಟಕ ನೀವೂ ಓದ್ರಿ, ಆಡ್ರಿ. ನಾನು ಈಗ ಗಣಿತಾನೂ ಮಾಡಾಕ ಹತ್ತೀನಿ.

ಇಂತಿ ನಿಮ್ಮ ಮಿತ್ರ,
7ನೇ ಇಯತ್ತೆ ವಿದ್ಯಾರ್ಥಿ