ಜೋಗಕ್ಕೆ ಹೊರಟ ಮಕ್ಕಳಿಗೆ, ಕರೆದೊಯ್ಯುವ ದೊಡ್ಡವರಿಗೆ

ಮಕ್ಕಳೇ, ಅಮೆರಿಕದಿಂದ ರಜೆಗೆ ಊರಿಗೆ ಹೋದಾಗ ಅಜ್ಜನೋ ಚಿಕ್ಕಮ್ಮನೋ ನಿಮ್ಮನ್ನು ಒಂದು ದಿನ ಜೋಗಕ್ಕೆ ಕರೆದುಕೊಂಡು ಹೋಗಬಹುದು. ಶಿವಮೊಗ್ಗ ಜಿಲ್ಲೆಯ ಸಾಗರದಿಂದ ತಿಂಡಿ ಮುಗಿಸಿ ಹೊರಟರೂ ಸಾಕು, ಹತ್ತಿರದ ದಾರಿ. ತೀರ್ಥಹಳ್ಳಿಯ ಹತ್ತಿರ ಅಂಬುತೀರ್ಥದಲ್ಲಿ ಹುಟ್ಟಿದ ಶರಾವತಿ ಇಲ್ಲಿ 253 ಮೀಟರ್, ಹಳಬರ ಲೆಕ್ಕದಲ್ಲಿ 830 ಅಡಿ, ಕೆಳಕ್ಕೆ ಧುಮುಕುತ್ತಾಳೆ. ನೀವು ನೋಡಿರುವ ನಯಾಗರ ಇದರ ಕಾಲುಭಾಗದಷ್ಟೂ ಎತ್ತರವಿಲ್ಲ. ಬೀಳುವ ಧಾರೆ ನಾಲ್ಕು. ರಾಜ ಬಂಡೆಯ ಹಂಗಿಲ್ಲದೆ ಒಂದೇ ನೆಗೆತಕ್ಕೆ ತಳ ಸೇರುತ್ತಾನೆ. ರೋರರ್ ಪಕ್ಕದ ಕೊರಕಲಿನಲ್ಲಿ ಉರುಳಿ ಬೊಬ್ಬಿರಿಯುತ್ತಾ ರಾಜನ ಕಡೆಗೆ ನುಗ್ಗುತ್ತಾನೆ. ರಾಕೆಟ್ ಬಾಣಬಿರುಸಿನ ಹಾಗೆ ಚಿಮ್ಮಿ ಚಿಮ್ಮಿ ಇಳಿಯುತ್ತದೆ. ರಾಣಿಗೆ ಅವಸರವಿಲ್ಲ, ಬಂಡೆಯ ಮೈಗೆ ಅಂಟಿಕೊಂಡು ನೊರೆನೊರೆಯಾಗಿ ಜಾರುತ್ತಾಳೆ. ಜುಲೈ ತಿಂಗಳ ಜಡಿಮಳೆಯಲ್ಲಿ ನೀರು ವಿಪರೀತ, ಆದರೆ ಮಂಜು ಕವಿದು ಏನೂ ಕಾಣದೆಯೂ ಹೋಗಬಹುದು. ನಾಲ್ವರನ್ನೂ ಬೇರೆಬೇರೆಯಾಗಿ ಗುರುತಿಸಲು ಮಳೆ ತುಸು ಹಿಂದೆಗೆದ ಸೆಪ್ಟೆಂಬರ್ ಹೊತ್ತೇ ವಾಸಿ.

ಕಷ್ಟವಿರುವುದು ಡಿಸೆಂಬರ್ ರಜೆಯಲ್ಲಿ ಹೋಗುವವರಿಗೆ. ಆಗ ದೊಡ್ಡ ಕಪ್ಪು ಬಂಡೆ, ಅದರ ಮೇಲೆ ನಾಲ್ಕು ದಾರದೆಳೆ. ‘ಇಷ್ಟೇನಾ?’ ಎಂದು ಮಗು ಕೇಳುತ್ತದೆ. ನಾವು ‘ಮಳೆಗಾಲದಲ್ಲಿ ಬರಬೇಕಿತ್ತು’ ಎಂದು ಸಮಾಧಾನ ಹೇಳಿ ಕಾರು ಹತ್ತುತ್ತೇವೆ. ನನ್ನ ವಾದ ಇಷ್ಟು: ಆ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕ ಮಗು, ತುಂಬಿ ಸುರಿಯುವ ಜೋಗದ ಮುಂದೆ ಫೋಟೋ ತೆಗೆಸಿಕೊಂಡ ಮಗುವಿಗಿಂತ ಜೋಗವನ್ನು ಚೆನ್ನಾಗಿ ನೋಡಿದೆ. ನೀರು ಎಲ್ಲಿ ಹೋಯಿತು? ಜಲಪಾತಕ್ಕಿಂತ ಕೆಲವೇ ಕಿಲೋಮೀಟರ್ ಮೇಲೆ, 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ಹಿಂದೆ ನಿಂತಿದೆ. ಅಲ್ಲಿಂದ ಅದು ಜೋಗದ ಅಂಚಿಗೆ ಬರದೆ, ತಳಕಳಲೆ ಜಲಾಶಯದ ಮೂಲಕ ಬೇರೆ ದಾರಿ ಹಿಡಿದು 1035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರದ ಯಂತ್ರಗಳನ್ನು ತಿರುಗಿಸುತ್ತದೆ. ಅದಕ್ಕೂ ಮೊದಲು, 1948ರಲ್ಲೇ, ಇಲ್ಲಿನ ನೀರಿನಿಂದ ವಿದ್ಯುತ್ ತೆಗೆಯುವ ಕೆಲಸ ಶುರುವಾಗಿತ್ತು. ಇಂದಿನ ಮಹಾತ್ಮ ಗಾಂಧಿ ವಿದ್ಯುದಾಗಾರ ಅದೇ. ನಮ್ಮ ತಂದೆತಾಯಿಗಳ ತಲೆಮಾರಿನ ಎಷ್ಟೋ ಮಕ್ಕಳು ಈ ನೀರಿನಿಂದ ಬಂದ ಬೆಳಕಿನಲ್ಲಿ ಓದಿದರು. ರಾಜ್ಯೋತ್ಸವದಲ್ಲಿ ನೀವು ಹಾಡುವ ನಿಸಾರ್ ಅಹಮದರ ‘ನಿತ್ಯೋತ್ಸವ’ ಜೋಗದಿಂದಲೇ ಆರಂಭವಾಗುತ್ತದೆ. ಅಲ್ಲಿ ಜೋಗದ ಜೊತೆಯಲ್ಲೇ ಬೆಳಕೂ ಬರುತ್ತದೆ, ಗಮನಿಸಿ.

‘ಹಾಗಾದರೆ ಮನುಷ್ಯನೇ ಕೆಡಿಸಿದ ಜಲಪಾತವನ್ನು ಯಾಕೆ ಕೊಂಡಾಡಬೇಕು, ನಯಾಗರ ನೋಡಿ ಹೇಗೆ ಹರಿಯುತ್ತದೆ’ ಎನ್ನುವವರುಂಟು. ನಯಾಗರವೂ ಅಳೆದು ಬಿಟ್ಟ ನೀರೇ. ಅಮೆರಿಕ ಮತ್ತು ಕೆನಡಾ 1950ರಲ್ಲಿ ಮಾಡಿಕೊಂಡ ಒಪ್ಪಂದದಂತೆ, ಪ್ರವಾಸಿಗರು ಬರುವ ತಿಂಗಳುಗಳ ಹಗಲಿನಲ್ಲಿ ಸೆಕೆಂಡಿಗೆ ಕನಿಷ್ಠ 1 ಲಕ್ಷ ಘನ ಅಡಿ ನೀರು ಜಲಪಾತದ ಮೇಲೆ ಹರಿಯಬೇಕು. ರಾತ್ರಿ ಮತ್ತು ಚಳಿಗಾಲದಲ್ಲಿ ಅದರರ್ಧ ಸಾಕು. ಉಳಿದದ್ದನ್ನು ವಿದ್ಯುತ್ತಿಗೆ ತಿರುಗಿಸಬಹುದು. ಅಲ್ಲಿ ನೋಡುವವರ ಪಾಲನ್ನು ಕಾಗದದ ಮೇಲೆ ಬರೆದಿಟ್ಟಿದ್ದಾರೆ, ಅಷ್ಟೇ ವ್ಯತ್ಯಾಸ. ಎರಡನ್ನೂ ನೋಡುವ ಭಾಗ್ಯ ನಮ್ಮ ಮಕ್ಕಳಿಗಿದೆ. ಜೋಗವನ್ನು ‘ಸಣ್ಣ ನಯಾಗರ’ ಎಂದು ಪರಿಚಯಿಸುವುದನ್ನು ನಾವು ಮೊದಲು ಬಿಡಬೇಕು. ನೀರಿನ ಗಾತ್ರದ ಪಂದ್ಯದಲ್ಲಿ ಜೋಗ ಸೋಲುತ್ತದೆ. ಎತ್ತರದಲ್ಲಿ, ಒಂದು ನಾಡಿನ ಬದುಕಿನೊಳಗೆ ಬೆರೆತ ರೀತಿಯಲ್ಲಿ ಅದಕ್ಕೆ ಯಾರ ಹೋಲಿಕೆಯೂ ಬೇಕಿಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದದ್ದು. ಬೆಳಕಿನ ಕಥೆ ಹೇಳಿದರೆ ಮುಳುಗಡೆಯ ಕಥೆಯನ್ನೂ ಹೇಳಬೇಕಾಗುತ್ತದೆ. ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಊರು, ತೋಟ, ಗದ್ದೆ, ದೇವಸ್ಥಾನ ಮುಳುಗಿದವು. ಜನ ಗಂಟುಮೂಟೆ ಕಟ್ಟಿ ಕಾಡಿನ ಅಂಚಿಗೆ ಹೋದರು. ಕೊಟ್ಟ ಭೂಮಿಯ ಹಕ್ಕುಪತ್ರಕ್ಕಾಗಿ ಅವರ ಮೊಮ್ಮಕ್ಕಳು ಇಂದಿಗೂ ಹೋರಾಡುತ್ತಿದ್ದಾರೆ. ಹಿನ್ನೀರಿನಾಚೆಯ ತುಮರಿ ಕಡೆಯವರಿಗೆ ದಶಕಗಳ ಕಾಲ ಲಾಂಚೇ ಗತಿಯಾಗಿತ್ತು, ಸೇತುವೆ ತೆರೆದದ್ದು 2025ರಲ್ಲಿ. ರಜೆಗೆ ಬಂದ ಮಗುವಿಗೆ ಈ ದುಃಖ ಯಾಕೆ ಎಂದು ಕೇಳಬಹುದು. ಆದರೆ ಇದೇ ಮಕ್ಕಳು ಶಾಲೆಯಲ್ಲಿ ನೆಲ ಕಳೆದುಕೊಂಡ ಅಮೆರಿಕದ ಮೂಲನಿವಾಸಿಗಳ ಚರಿತ್ರೆ ಓದುತ್ತಾರೆ, ಪ್ರಶ್ನೆ ಕೇಳುತ್ತಾರೆ. ಬೇರೆಯವರ ಸಂಕಟವನ್ನು ಅರಿಯಬಲ್ಲ ಮಗುವಿಗೆ ತನ್ನ ಅಜ್ಜನ ನಾಡಿನದನ್ನು ಮುಚ್ಚಿಟ್ಟು ಬರೀ ನೊರೆನೀರನ್ನು ತೋರಿಸಿದರೆ, ಊರೆಂದರೆ ಫೋಟೋ ತೆಗೆಯುವ ಜಾಗ ಎಂದೇ ಅದು ತಿಳಿದೀತು. ನಮ್ಮ ಮಕ್ಕಳಿಗೂ ಕನ್ನಡನಾಡಿಗೂ ನಡುವಿನ ನಂಟು ತೆಳುವಾಗುತ್ತಿದೆ ಎಂದು ಕನ್ನಡ ಕೂಟದ ಪ್ರತಿ ಸಭೆಯಲ್ಲೂ ಕೊರಗುತ್ತೇವಲ್ಲ, ಅದು ತೆಳುವಾಗುವುದು ಹೀಗೆಯೇ.

ಒಂದು ದಿನದಲ್ಲಿ ಇಷ್ಟೆಲ್ಲ ಆಗುತ್ತದೆಯೇ ಎಂದರೆ, ಆ ದಿನಕ್ಕೆ ಮೊದಲೇ ಅರ್ಧ ಆಗಿರಬೇಕು. ಮುಳುಗಡೆಯ ನಾಡಿನಲ್ಲೇ ಬದುಕಿ ಬರೆದ ನಾ. ಡಿಸೋಜ ಅವರ ‘ದ್ವೀಪ’ ಕಾದಂಬರಿಯನ್ನು ಗಿರೀಶ್ ಕಾಸರವಳ್ಳಿ 2002ರಲ್ಲಿ ಸಿನಿಮಾ ಮಾಡಿದ್ದಾರೆ. ಹತ್ತು-ಹನ್ನೆರಡು ದಾಟಿದ ಮಕ್ಕಳ ಜೊತೆ ಕೂತು, ಮಾತು ತಿಳಿಯದ ಕಡೆ ನಿಲ್ಲಿಸಿ ಹೇಳುತ್ತಾ, ಅದನ್ನು ಹೊರಡುವ ಮುಂಚೆಯೇ ನೋಡಿ. ಊರಲ್ಲಿ ಹಿನ್ನೀರಿನ ಕಡೆಯ ನೆಂಟರಿದ್ದರೆ ಜೋಗದ ದಿನ ಅವರನ್ನೂ ಕಾರಿನಲ್ಲಿ ಕೂರಿಸಿಕೊಳ್ಳಿ, ಮಕ್ಕಳ ಪಕ್ಕದ ಸೀಟು ಅವರಿಗೇ ಕೊಡಿ.